ಸೂಜಿಯಿಂದ ಬೆಳಕಿಗೆ: ಗಂಡಸರ ಮೈಗೂದಲ ಚಿಕಿತ್ಸೆ ನಡೆದು ಬಂದ ದಾರಿ



ಮೈಮೇಲೆ ಕೂದಲು ಅತಿಯಾಯಿತೆಂದು ಕೊರಗುವ ಗಂಡಸರು ನಮ್ಮ ನಡುವೆ ಇದ್ದಾರೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಎದೆಗೂದಲು ಗಂಡಸುತನದ ಗುರುತು ಎಂಬ ಮಾತು ಕೇಳುತ್ತಲೇ ಬೆಳೆದ ಹುಡುಗ, ಬೆನ್ನು ಭುಜಗಳೂ ದಟ್ಟವಾದಾಗ ಅಂಗಿ ಬಿಚ್ಚಿ ಈಜಲು ಇಳಿಯುವುದಕ್ಕೆ ಹಿಂಜರಿಯುತ್ತಾನೆ. ಸೆಕೆಗಾಲದಲ್ಲಿ ಬೆವರು ಆರದೆ ಕೆರೆತ ಬೇರೆ. ಇಂಥವರಲ್ಲಿ ಅನೇಕರಿಗೆ ಮೈ ಪೂರ್ತಿ ನುಣ್ಣಗಾಗುವುದು ಬೇಡ, ಕೂದಲು ಕೊಂಚ ತೆಳುವಾದರೆ ಸಾಕು. ಅದಕ್ಕೆ ಇಂದು ಎರಡು ದಾರಿಗಳಿವೆ: ಲೇಸರ್ ಮತ್ತು ಎಲೆಕ್ಟ್ರಾಲಿಸಿಸ್. ಈ ಎರಡರಲ್ಲಿ ಯಾವುದು ಮೇಲು ಎಂದು ಕೇಳುವ ಮೊದಲು ಅವು ಹುಟ್ಟಿದ್ದು ಹೇಗೆ, ಯಾರಿಗಾಗಿ ಎಂದು ನೋಡೋಣ.

ಗಂಡಸರು ಮೈಗೂದಲು ತೆಗೆಸುವುದು ಈ ಕಾಲದ ಶೋಕಿಯೆಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ರೋಮಿನ ದಾರ್ಶನಿಕ ಸೆನೆಕಾ ಸ್ನಾನಗೃಹವೊಂದರ ಮೇಲಿನ ಮನೆಯಲ್ಲಿದ್ದಾಗ ಬರೆದ ಪತ್ರದಲ್ಲಿ, ಕೆಳಗೆ ಕೂದಲು ಕೀಳುವವನು ಗಿರಾಕಿಗಾಗಿ ಕೂಗಿಕೊಳ್ಳುವುದನ್ನೂ ಗಿರಾಕಿ ಸಿಕ್ಕಮೇಲೆ ಆ ಗಿರಾಕಿಯೇ ಚೀರಿಕೊಳ್ಳುವುದನ್ನೂ ದಾಖಲಿಸಿದ್ದಾನೆ. ಜೂಲಿಯಸ್ ಸೀಸರ್ ಮೈಗೂದಲು ಕೀಳಿಸಿಕೊಳ್ಳುತ್ತಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಚಕ್ರವರ್ತಿ ಅಗಸ್ಟಸ್ ಕೆಂಡದಂತೆ ಕಾದ ಕಾಯಿಚಿಪ್ಪುಗಳಿಂದ ಕಾಲಿನ ಕೂದಲು ಸುಟ್ಟುಕೊಳ್ಳುತ್ತಾನೆಂದು ಅವನ ವಿರೋಧಿಗಳು ಹಂಗಿಸುತ್ತಿದ್ದರಂತೆ. ಏಕೆ ಸುಡುವುದು? ಕೂದಲು ಮತ್ತೆ ಬರುವಾಗ ಮೆತ್ತಗೆ ಬರಲಿ ಎಂದು. ಬೋಳಿಸುವುದಕ್ಕಲ್ಲ, ಮೃದು ಮಾಡುವುದಕ್ಕೆ. ಇಂದಿನವರ ಬಯಕೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ನಮ್ಮ ಸುಶ್ರುತ ಸಂಹಿತೆಯಲ್ಲಿ ಇದು ವೈದ್ಯನ ಕೆಲಸ. ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ರೋಮ ಬೆಳೆಸುವುದೂ ಒಂದು, ರೋಮ ತೆಗೆಯುವುದೂ ಒಂದು. ಎರಡು ಭಾಗ ಶಂಖಚೂರ್ಣ, ಒಂದು ಭಾಗ ಹರಿತಾಳವೆಂಬ ಖನಿಜ, ಇವನ್ನು ಹುಳಿರಸದಲ್ಲಿ ಅರೆದು ಹಚ್ಚಬೇಕೆಂದು ಅಲ್ಲಿ ಹೇಳಿದೆ. ಹರಿತಾಳದಲ್ಲಿರುವ ಗಂಧಕ ಶಂಖದ ಸುಣ್ಣದೊಡನೆ ಸೇರಿ ಕೂದಲನ್ನು ಕರಗಿಸುತ್ತದೆ. ಇಂದಿನ ಕೂದಲು ತೆಗೆಯುವ ಕ್ರೀಮುಗಳೂ ಗಂಧಕದ ಸಂಯುಕ್ತಗಳಿಂದಲೇ ಕೆಲಸ ಮಾಡುತ್ತವೆ. ಆದರೆ ಹರಿತಾಳದಲ್ಲಿ ಆರ್ಸೆನಿಕ್ ವಿಷವೂ ಇದೆ, ಯಾರೂ ಮನೆಯಲ್ಲಿ ಪ್ರಯೋಗಕ್ಕೆ ಹೋಗಬೇಡಿ. ಮೇಣವಾಗಲಿ, ಲೇಪವಾಗಲಿ, ಕ್ಷೌರದ ಕತ್ತಿಯಾಗಲಿ, ಇವಕ್ಕೆಲ್ಲ ಒಂದೇ ಮಿತಿ. ಕೂದಲು ಹೋಗುತ್ತದೆ, ಅದನ್ನು ಹುಟ್ಟಿಸುವ ರೋಮಕೂಪ ಚರ್ಮದಡಿಯಲ್ಲಿ ಹಾಗೆಯೇ ಉಳಿಯುತ್ತದೆ.

ಆ ರೋಮಕೂಪವನ್ನು ಮುಟ್ಟಲು ಮೊದಲು ದಾರಿ ಹುಡುಕಿದವರು ಕಣ್ಣಿನ ವೈದ್ಯರೊಬ್ಬರು. ಅಮೆರಿಕದ ಸೇಂಟ್ ಲೂಯಿಸ್ ನಗರದ ಚಾರ್ಲ್ಸ್ ಮಿಷೆಲ್ ಬಳಿಗೆ ರೆಪ್ಪೆಗೂದಲು ಒಳಕ್ಕೆ ಬಾಗಿ ಕಣ್ಣುಗುಡ್ಡೆಯನ್ನೇ ಉಜ್ಜುವ ರೋಗಿಗಳು ಬರುತ್ತಿದ್ದರು. ಚಿಮಟಿಗೆಯಿಂದ ಕಿತ್ತರೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆದು ಚುಚ್ಚುತ್ತಿತ್ತು. ಹಾಗೆ ಬಿಟ್ಟರೆ ಕಣ್ಣೇ ಹೋಗುವ ಭಯ. ಮಿಷೆಲ್ ತೆಳುವಾದ ಸೂಜಿಯನ್ನು ರೆಪ್ಪೆಗೂದಲಿನ ಬುಡಕ್ಕೆ ಇಳಿಸಿ, ಬ್ಯಾಟರಿಯ ವಿದ್ಯುತ್ ಹರಿಸಿದರು. ಕೂದಲು ಸಡಿಲವಾಗಿ ಬಂತು, ಮತ್ತೆ ಹುಟ್ಟಲಿಲ್ಲ. 1875ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಂದ ಹೆಚ್ಚಿಸುವ ವಿದ್ಯೆಯೆಂದು ನಾವು ಬಗೆದಿರುವ ಎಲೆಕ್ಟ್ರಾಲಿಸಿಸ್ ಹುಟ್ಟಿದ್ದು ಕಣ್ಣು ಉಳಿಸಲು. ಈ ವಿಷಯದ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು.

ಇದರ ಕೆಲಸ ನಡೆಯುವುದು ಹೀಗೆ. ರೋಮಕೂಪದೊಳಗೆ ತೇವವಿದೆ, ಉಪ್ಪಿದೆ. ಸೂಜಿಯನ್ನು ಋಣಧ್ರುವಕ್ಕೆ ಜೋಡಿಸಿ ನೇರ ವಿದ್ಯುತ್ ಹರಿಸಿದಾಗ ಸೂಜಿಯ ತುದಿಯಲ್ಲಿ ಅತಿ ಸಣ್ಣ ಪ್ರಮಾಣದ ಕಾಸ್ಟಿಕ್ ಸೋಡಾ ಉಂಟಾಗುತ್ತದೆ. ಅದು ಕೂದಲನ್ನು ಬೆಳೆಸುವ ಜೀವಕೋಶಗಳನ್ನು ಕರಗಿಸಿಬಿಡುತ್ತದೆ. ಇಲ್ಲಿ ಕೂದಲಿನ ಬಣ್ಣದ ಗೊಡವೆಯೇ ಇಲ್ಲ. ಕಪ್ಪಿರಲಿ, ಕೆಂಚಿರಲಿ, ನೆರೆತಿರಲಿ, ಸೂಜಿ ಬುಡಕ್ಕೆ ತಲುಪಿದರೆ ಆಯಿತು. ಚರ್ಮದ ಬಣ್ಣವೂ ಅಷ್ಟೇ. ಆದರೆ ಒಂದು ಸಲಕ್ಕೆ ಒಂದೇ ಕೂದಲು, ಅದಕ್ಕೆ ನಿಮಿಷದ ಲೆಕ್ಕದ ಸಮಯ.

ಹಾಗಾಗಿ ಎಲೆಕ್ಟ್ರಾಲಿಸಿಸ್‌ನ ಮುಂದಿನ ಚರಿತ್ರೆಯೆಲ್ಲ ವೇಗದ ಹುಡುಕಾಟ. 1916ರಲ್ಲಿ ಪಾಲ್ ಕ್ರೀ ಹಲವು ಸೂಜಿಗಳನ್ನು ಒಟ್ಟಿಗೆ ಇಳಿಸುವ ಯಂತ್ರ ತಂದರು. 1924ರ ಹೊತ್ತಿಗೆ ಫ್ರಾನ್ಸಿನ ಲಿಯೋನ್ ನಗರದ ಹೆನ್ರಿ ಬೋರ್ಡಿಯೆ ಹೆಚ್ಚಿನ ಆವರ್ತದ ವಿದ್ಯುತ್ತಿನಿಂದ ಬುಡವನ್ನು ಬಿಸಿಮಾಡಿ ಸುಡುವ ಥರ್ಮಾಲಿಸಿಸ್ ಕ್ರಮವನ್ನು ತೋರಿಸಿದರು. ಇದರಲ್ಲಿ ಒಂದು ಕೂದಲಿಗೆ ಕೆಲವು ಕ್ಷಣ ಸಾಕು, ಆದರೆ ವಕ್ರವಾದ ಬೇರು ತಪ್ಪಿಸಿಕೊಳ್ಳುತ್ತಿತ್ತು. ಹೆನ್ರಿ ಸೇಂಟ್ ಪಿಯರ್ ಮತ್ತು ಆರ್ಥರ್ ಹಿಂಕೆಲ್ ಹಳೆಯ ನೇರ ವಿದ್ಯುತ್ತಿನ ಕ್ರಮವನ್ನೂ ಈ ಬಿಸಿಯ ಕ್ರಮವನ್ನೂ ಒಂದೇ ಸೂಜಿಯಲ್ಲಿ ಬೆರೆಸಿದರು, 1948ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಬ್ಲೆಂಡ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಇದೇ ವೇಗದ ಆಸೆ ಬೇರೆ ಕಡೆ ಘೋರ ಅನಾಹುತ ಮಾಡಿತು. ಅದನ್ನು ನಾನು ಸ್ವಲ್ಪ ನಿಂತು ಹೇಳಬೇಕು. ಭೌತವಿಜ್ಞಾನಿ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಫ್ರಾಯ್ಂಡ್, ಬೆನ್ನಿನ ಮೇಲೆ ಕೂದಲು ತುಂಬಿದ ದೊಡ್ಡ ಮಚ್ಚೆಯಿದ್ದ ಪುಟ್ಟ ಹುಡುಗಿಗೆ ಎಕ್ಸ್‌ರೇ ಹಾಯಿಸಿದರು. ಕೂದಲು ಉದುರಿತು. ಆಮೇಲೆ ಬೆನ್ನಿನಲ್ಲಿ ವಾಸಿಯಾಗದ ಹುಣ್ಣು ಎದ್ದಿತು. ಎಚ್ಚರಿಕೆಗೆ ಅಷ್ಟು ಸಾಕಾಗಿತ್ತು. ಆದರೂ 1920ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಗೈಸರ್ ಎಂಬ ವೈದ್ಯ ಟ್ರೈಕೋ ಎಂಬ ಎಕ್ಸ್‌ರೇ ಯಂತ್ರವನ್ನು ಅಮೆರಿಕದ ಬ್ಯೂಟಿ ಪಾರ್ಲರುಗಳಿಗೆ ಹಂಚಿದರು. ನೋವಿಲ್ಲ, ಕಲೆಯಿಲ್ಲ ಎಂಬ ಭರವಸೆ ನಂಬಿ ಮುಖ ಒಡ್ಡಿದ ಹೆಂಗಸರ ಚರ್ಮ ವರ್ಷಗಳ ನಂತರ ಸುಕ್ಕುಗಟ್ಟಿತು, ಅನೇಕರಿಗೆ ಕ್ಯಾನ್ಸರ್ ಬಂತು. 1930ರ ಸುಮಾರಿಗೆ ಕೂದಲು ತೆಗೆಯುವ ಕೊರೆಮ್ಲು ಎಂಬ ಕ್ರೀಮು ಬಂತು. ಅದರಲ್ಲಿದ್ದದ್ದು ಥ್ಯಾಲಿಯಂ, ಇಲಿ ಕೊಲ್ಲಲು ಬಳಸುತ್ತಿದ್ದ ವಿಷ. ಹಚ್ಚಿದವರಲ್ಲಿ ಕೆಲವರ ಕಾಲಿನ ಶಕ್ತಿ ಹೋಯಿತು, ಕೆಲವರ ದೃಷ್ಟಿ ಕುಂದಿತು. ಇಂಥ ದುರಂತಗಳ ಒತ್ತಡದಿಂದಲೇ 1938ರಲ್ಲಿ ಅಮೆರಿಕದಲ್ಲಿ ಸೌಂದರ್ಯವರ್ಧಕಗಳೂ ಕಾನೂನಿನ ಹಿಡಿತಕ್ಕೆ ಬಂದವು. ಕೂದಲು ಹೋಗುತ್ತದೆ ಎಂಬ ಒಂದೇ ಆಸೆಗೆ ಮನುಷ್ಯರು ಎಷ್ಟು ತೆತ್ತಿದ್ದಾರೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನು ಲೇಸರ್. 1960ರಲ್ಲಿ ಭೌತವಿಜ್ಞಾನಿ ಥಿಯೋಡೋರ್ ಮೈಮನ್ ಕೆಂಪು ಹರಳಿನಿಂದ, ಅಂದರೆ ರೂಬಿಯಿಂದ, ಮೊದಲ ಲೇಸರ್ ಬೆಳಗಿಸಿದರು. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯೋನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸಿ, ಕಪ್ಪು ಭಾಗಗಳು ಈ ಬೆಳಕನ್ನು ಹೆಚ್ಚಾಗಿ ಹೀರುತ್ತವೆ ಎಂದು ಗಮನಿಸಿದರು. ಅದಕ್ಕೆ ಶಾಸ್ತ್ರದ ರೂಪ ಬಂದದ್ದು 1983ರಲ್ಲಿ. ಬಾಸ್ಟನ್ನಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಅವರ ವಾದ ಸರಳವಾಗಿತ್ತು. ಗುರಿಯ ವಸ್ತು ಮಾತ್ರ ಹೀರುವ ಬಣ್ಣದ ಬೆಳಕನ್ನು ಆರಿಸಿ, ಬಿಸಿ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಮುಗಿದುಹೋಗುವಷ್ಟು ಚಿಕ್ಕ ಮಿಡಿತದಲ್ಲಿ ಹಾಯಿಸಿದರೆ ಗುರಿ ಸುಡುತ್ತದೆ, ಸುತ್ತಲಿನದು ಉಳಿಯುತ್ತದೆ. ಕೂದಲಿನ ವಿಷಯದಲ್ಲಿ ಆ ಗುರಿ ಮೆಲನಿನ್, ಕೂದಲಿಗೆ ಕಪ್ಪು ಬಣ್ಣ ಕೊಡುವ ವಸ್ತು.

1996ರಲ್ಲಿ ಅದೇ ಬಾಸ್ಟನ್ ತಂಡ ಹದಿಮೂರು ಜನರ ಬೆನ್ನು ಅಥವಾ ತೊಡೆಯ ಮೇಲೆ ರೂಬಿ ಲೇಸರ್ ಪ್ರಯೋಗಿಸಿ ಫಲಿತಾಂಶ ಪ್ರಕಟಿಸಿತು. ಎಲ್ಲರಲ್ಲೂ ಕೂದಲು ಬರುವುದು ತಡವಾಯಿತು. ಎರಡು ವರ್ಷದ ನಂತರ ಮತ್ತೆ ಪರೀಕ್ಷೆಗೆ ಸಿಕ್ಕ ಏಳು ಮಂದಿಯಲ್ಲಿ ನಾಲ್ವರಿಗೆ ಆ ಜಾಗದಲ್ಲಿ ಕೂದಲು ಸ್ಪಷ್ಟವಾಗಿ ಕಡಿಮೆಯೇ ಇತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇನ್ನೂ ಮುಖ್ಯ. ರೋಮಕೂಪಗಳು ಸತ್ತಿರಲಿಲ್ಲ, ಕುಗ್ಗಿದ್ದವು. ದಪ್ಪ ಕೂದಲು ಬರುತ್ತಿದ್ದ ಕಡೆ ಮಗುವಿನ ಮೈಮೇಲಿನಂಥ ನವಿರು ಕೂದಲು ಬರುತ್ತಿತ್ತು. ತೆಳುವಾದರೆ ಸಾಕು ಎನ್ನುವ ಗಂಡಸಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕೂಡ ಲೇಸರ್‌ನಿಂದ ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂದು ಹೇಳಿಕೊಳ್ಳಲು ಮಾತ್ರ ಅನುಮತಿ ಕೊಟ್ಟಿದೆ, ಪೂರ್ತಿ ಹೋಗುತ್ತದೆ ಎನ್ನಲು ಕೊಟ್ಟಿಲ್ಲ.

ಪೂರ್ತಿ ಹೋಗದಿರಲು ಗಂಡಸರಲ್ಲಿ ಇನ್ನೊಂದು ಕಾರಣವೂ ಇದೆ. ಎದೆ, ಬೆನ್ನು, ಭುಜಗಳ ನವಿರು ಕೂದಲನ್ನು ದಪ್ಪಗೂದಲಾಗಿ ಮಾರ್ಪಡಿಸುವುದು ಪುರುಷ ಹಾರ್ಮೋನು. ಅದು ಹದಿಹರೆಯದಲ್ಲಿ ಶುರುವಾದರೂ ಅಲ್ಲಿಗೇ ನಿಲ್ಲುವುದಿಲ್ಲ. ಮೂವತ್ತು ನಲವತ್ತರಲ್ಲೂ ಬೆನ್ನಿಗೆ, ಕಿವಿಗೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಇಪ್ಪತ್ತೈದರಲ್ಲಿ ಬೆನ್ನಿಗೆ ಲೇಸರ್ ಮಾಡಿಸಿದವನು ನಲವತ್ತರಲ್ಲಿ ಮತ್ತೆ ಕೂದಲು ಕಂಡರೆ, ಹಿಂದಿನ ಚಿಕಿತ್ಸೆ ಕೆಟ್ಟಿತು ಎಂದೇ ತಿಳಿಯಬೇಕಿಲ್ಲ. ಅದು ಹೊಸ ಬೆಳೆಯೂ ಆಗಿರಬಹುದು.

ಇನ್ನು, ಲೇಸರ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೂದಲಿಗೆ ಬೆಳೆಯುವ ಕಾಲ, ವಿರಮಿಸುವ ಕಾಲ ಎಂದಿದೆ. ಬೆಳೆಯುತ್ತಿರುವ ಕೂದಲಷ್ಟೇ ಬುಡದವರೆಗೆ ಬಿಸಿ ಒಯ್ಯುತ್ತದೆ. ಅದಕ್ಕಾಗಿಯೇ ನಾಲ್ಕಾರು ವಾರ ಬಿಟ್ಟು ಬಿಟ್ಟು, ಸಾಮಾನ್ಯವಾಗಿ ಆರರಿಂದ ಎಂಟು ಸಿಟ್ಟಿಂಗ್ ಹೇಳುತ್ತಾರೆ. ತೆಳುವಷ್ಟೇ ಸಾಕೆಂಬವರಿಗೆ ಅದಕ್ಕಿಂತ ಕಡಿಮೆ ಸಾಕಾಗಬಹುದು. ಮೊದಲ ಒಂದೆರಡು ಸಿಟ್ಟಿಂಗ್ ಆದಮೇಲೆ ಕೂದಲು ಅಲ್ಲಲ್ಲಿ ತೇಪೆ ತೇಪೆಯಾಗಿ ಬಂದರೆ ಗಾಬರಿಯಾಗಬೇಡಿ. ಚಿಕಿತ್ಸೆಗೆ ಮುನ್ನ ಶೇವ್ ಮಾಡಬಹುದು, ಆದರೆ ವ್ಯಾಕ್ಸ್ ಮಾಡಿಸಬಾರದು. ಬೇರೇ ಇಲ್ಲದ ಮೇಲೆ ಬೆಳಕಿಗೆ ಗುರಿಯೆಲ್ಲಿ?

ಈಗ ನಮ್ಮ ಚರ್ಮದ ವಿಷಯ. ಲೇಸರ್ ಹುಡುಕುವ ಮೆಲನಿನ್ ಕೂದಲಿನಲ್ಲಷ್ಟೇ ಅಲ್ಲ, ನಮ್ಮ ಗೋದಿಬಣ್ಣದ, ಕಪ್ಪುಬಣ್ಣದ ಚರ್ಮದಲ್ಲೂ ಧಾರಾಳವಾಗಿದೆ. 694 ನ್ಯಾನೋಮೀಟರ್ ತರಂಗದ ರೂಬಿ ಲೇಸರ್ ಬಿಳಿಯರ ಚರ್ಮಕ್ಕೆ ಒಗ್ಗಿದರೂ ನಮ್ಮ ಚರ್ಮವನ್ನು ಸುಡಬಹುದು. 755ರ ಅಲೆಕ್ಸಾಂಡ್ರೈಟ್, 800ರ ಆಸುಪಾಸಿನ ಡಯೋಡ್, 1064ರ ಎನ್‌ಡಿ-ಯಾಗ್, ಹೀಗೆ ತರಂಗ ಉದ್ದವಾದಷ್ಟೂ ಬೆಳಕು ಮೇಲ್ಚರ್ಮದ ಬಣ್ಣಕ್ಕೆ ಕಡಿಮೆ ಸಿಕ್ಕಿ ಆಳಕ್ಕೆ ಇಳಿಯುತ್ತದೆ. ಕಪ್ಪು ಚರ್ಮಕ್ಕೆ 1064ರ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ನಮ್ಮಲ್ಲಿ ಡಯೋಡನ್ನೂ ಚರ್ಮ ತಂಪುಮಾಡುವ ವ್ಯವಸ್ಥೆಯೊಡನೆ ಎಚ್ಚರದಿಂದ ಬಳಸುತ್ತಾರೆ. ಬಿಸಿಲಿನಲ್ಲಿ ದುಡಿಯುವವರ ಚರ್ಮ ಇನ್ನಷ್ಟು ಕಪ್ಪಾಗಿರುವುದರಿಂದ ಅವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಇನ್ನೊಂದು ವಿಚಿತ್ರವೂ ಉಂಟು. ಬಹುಶಃ ಶಾಖ ಸಾಲದೆ ಹೋಗುವುದರಿಂದ ಕೆಲವರಲ್ಲಿ ಕೂದಲು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಕಪ್ಪುಗೂದಲಿನ ಏಷ್ಯಾದವರಲ್ಲಿ, ಅದರಲ್ಲೂ ಗಡ್ಡದ ಅಂಚು, ಕುತ್ತಿಗೆ, ಭುಜಗಳಲ್ಲಿ ಇದನ್ನು ಕಂಡಿದ್ದಾರೆ. ಭುಜದ ಮೇಲಿನ ನವಿರು ಕೂದಲಿಗೆ ಲೇಸರ್ ಬೇಡವೆಂದು ವೈದ್ಯರು ಹೇಳಿದರೆ ಅವರ ಮಾತು ಕೇಳಿ.

ಕೂದಲು ಕೆಲವು ಗಂಡಸರಿಗೆ ಕಾಯಿಲೆಯೇ ಆಗುತ್ತದೆ. ಬೆನ್ನಿನ ಬುಡದ ಸೀಳಿನಲ್ಲಿ ಕೂದಲು ಚರ್ಮದೊಳಕ್ಕೆ ಹೊಕ್ಕು ಕೀವುಗಟ್ಟುವ ಪೈಲೊನೈಡಲ್ ಸೈನಸ್ ಅಂಥದ್ದು. ಎರಡನೇ ಮಹಾಯುದ್ಧದಲ್ಲಿ ಇದರಿಂದ ಆಸ್ಪತ್ರೆ ಸೇರಿದ ಅಮೆರಿಕನ್ ಸೈನಿಕರು 80,000ದಷ್ಟು. ಕುಲುಕುವ ವಾಹನದಲ್ಲಿ ಕೂತು ಕೂತು ಬಂತೆಂದು ಅದಕ್ಕೆ ಜೀಪ್ ಕಾಯಿಲೆ ಎಂದೇ ಹೆಸರಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಅದು ಮರುಕಳಿಸದಿರಲೆಂದು ಈಗ ಆ ಜಾಗಕ್ಕೆ ಲೇಸರ್ ಮಾಡುವುದುಂಟು. ಶೇವ್ ಮಾಡಿದಾಗಲೆಲ್ಲ ಗಡ್ಡದ ಕೂದಲು ಒಳಕ್ಕೆ ಸುರುಳಿಯಾಗಿ ಗುಳ್ಳೆ ಏಳುವವರಿಗೂ ಲೇಸರ್ ನೆಮ್ಮದಿ ಕೊಟ್ಟಿದೆ.

ಹಾಗಾದರೆ ಯಾವುದು ಆಗಬಹುದು? ರಾಗಿ ಹೊಲದಲ್ಲಿ ಕುಂಟೆ ಎಳೆದು ಪೈರು ವಿರಳ ಮಾಡುವುದು ಒಂದು, ಕೂತು ಕೈಯಿಂದ ಒಂದೊಂದೇ ಕಳೆ ಕೀಳುವುದು ಇನ್ನೊಂದು. ಲೇಸರ್ ಮೊದಲನೆಯದರಂತೆ, ಸೂಜಿ ಎರಡನೆಯದರಂತೆ. ಬೆನ್ನು, ಎದೆ, ಹೊಟ್ಟೆಯಂಥ ಅಗಲದ ಜಾಗ ತೆಳುವಾಗಬೇಕಾದರೆ, ಕೂದಲು ಕಪ್ಪಾಗಿದ್ದರೆ, ಲೇಸರ್ ಸರಿ. ಇಡೀ ಬೆನ್ನಿಗೆ ಎಲೆಕ್ಟ್ರಾಲಿಸಿಸ್ ಎಂದರೆ ನೂರಾರು ಗಂಟೆಯ ನೋವು, ನೂರಾರು ಗಂಟೆಯ ಖರ್ಚು. ಕೂದಲು ನೆರೆತಿದ್ದರೆ, ಹುಬ್ಬಿನ ನಡುವೆ, ಕಿವಿಯ ಅಂಚಿನಲ್ಲಿ ಕೆಲವೇ ಕೂದಲಿದ್ದರೆ, ಲೇಸರ್ ಆದಮೇಲೂ ಅಲ್ಲೊಂದು ಇಲ್ಲೊಂದು ಉಳಿದಿದ್ದರೆ, ಸೂಜಿಯೇ ಸರಿ. ಇದನ್ನು ಉಳಿಸು, ಅದನ್ನು ತೆಗೆ ಎಂದು ಆರಿಸುವ ಸ್ವಾತಂತ್ರ್ಯ ಸೂಜಿಗೆ ಮಾತ್ರ ಇದೆ. ಆದರೆ ಎದೆ, ಭುಜಗಳಲ್ಲಿ ಗಾಯವಾದರೆ ಉಬ್ಬುಕಲೆ ಏಳುವ ಜಾಯಮಾನ ನಿಮ್ಮದಾಗಿದ್ದರೆ ಸೂಜಿಗೂ ಮುನ್ನ ಚೆನ್ನಾಗಿ ಯೋಚಿಸಿ. ಪೇಸ್‌ಮೇಕರ್ ಇದ್ದವರು ಹೃದಯವೈದ್ಯರನ್ನು ಕೇಳದೆ ಎಲೆಕ್ಟ್ರಾಲಿಸಿಸ್ ಮಾಡಿಸಬಾರದು.

ಕೊನೆಯದಾಗಿ ಒಂದು ವಿನಂತಿ. ರಿಯಾಯಿತಿ ದರದ ಪ್ಯಾಕೇಜ್ ನೋಡಿ ದುಡ್ಡು ಕಟ್ಟುವ ಮೊದಲು ಚರ್ಮವೈದ್ಯರನ್ನು ಕಾಣಿ. ಯಾವ ಲೇಸರ್, ಎಷ್ಟು ನ್ಯಾನೋಮೀಟರ್, ಯಂತ್ರ ಹಿಡಿಯುವವರು ಯಾರು ಎಂದು ಕೇಳಿ. ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿಸಿ ಕೆಲವು ದಿನ ಕಾದು ನೋಡಿ. ಹಚ್ಚೆಯ ಮೇಲೆ, ಮಚ್ಚೆಯ ಮೇಲೆ ಲೇಸರ್ ಬೇಡ. ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಡದವರ ಬಳಿ ಮಲಗಲೇಬೇಡಿ. ಸೂಜಿಯಾದರೆ ನಿಮ್ಮೆದುರೇ ಹೊಸ ಪೊಟ್ಟಣ ಬಿಚ್ಚಲಿ. ಇದನ್ನೆಲ್ಲ ಕೇಳಲು ನಾಚಿಕೆ ಪಡಬೇಡಿ, ಮೈ ನಿಮ್ಮದು.