ಕಾಣದ ದ್ರವ್ಯ, ಸೋಮಾರಿ ಅನಿಲ

(ಬಾನುಲಿ ಭಾಷಣ)

ಕವಿರಾಜಮಾರ್ಗವನ್ನು ಪಾಠ ಹೇಳುವಾಗ ಒಂದು ಪದ್ಯದ ಬಳಿ ನಾನು ಪ್ರತಿ ವರ್ಷವೂ ತಡೆದು ನಿಲ್ಲುತ್ತಿದ್ದೆ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಹೆಸರುಗಳು ಅಲ್ಲಿ ಬರುತ್ತವೆ. ಅವರ ಕನ್ನಡ ಗದ್ಯದ ಒಂದು ಓಲೆಯೂ ನಮಗೆ ದೊರೆತಿಲ್ಲ. ಆದರೂ ಅವರು ಬರೆದಿದ್ದರೆಂಬುದನ್ನು ನಾವು ಒಪ್ಪುತ್ತೇವೆ. ಅಂಥದೊಂದು ಪರಂಪರೆ ಹಿಂದಿರದೆ ಅಷ್ಟು ಪ್ರೌಢವಾದ ಲಕ್ಷಣಗ್ರಂಥ ಹುಟ್ಟಲಾರದು.

ಖಗೋಳವಿಜ್ಞಾನಿಗಳ ಸ್ಥಿತಿಯೂ ಇಂಥದೇ. ಕೋಮಾ ಎಂಬ ಗೆಲಾಕ್ಸಿ ಸಮೂಹವನ್ನು ಪರಿಶೀಲಿಸಿದ ಫ್ರಿಟ್ಸ್ ಜ್ವಿಕಿ, ಅಷ್ಟು ವೇಗವಾಗಿ ಚಲಿಸುವ ಗೆಲಾಕ್ಸಿಗಳನ್ನು ಕಣ್ಣಿಗೆ ಕಾಣುವ ದ್ರವ್ಯದ ಸೆಳೆತವೊಂದೇ ಹಿಡಿದಿರಲಾರದೆಂದು 1933ರಲ್ಲಿ ತಿಳಿಸಿದರು. ಇಂದಿನ ಲೆಕ್ಕದಂತೆ, ನಮಗೆ ಪರಿಚಿತವಾದ ದ್ರವ್ಯದ ಸುಮಾರು ಐದು ಪಟ್ಟು ಅಗೋಚರ ದ್ರವ್ಯ ವಿಶ್ವದಲ್ಲಿದೆ. ಅದಕ್ಕೆ ಕಪ್ಪು ದ್ರವ್ಯವೆಂದು ಹೆಸರು. ಅದು ಯಾವ ಕಣಗಳಿಂದಾದುದೆಂಬುದು ಮಾತ್ರ ಯಾರಿಗೂ ತಿಳಿಯದು.

ಆ ಕಣಕ್ಕಾಗಿ ಒಡ್ಡಿರುವ ಬಲೆಗಳಲ್ಲಿ ಒಂದು, ದ್ರವರೂಪದ ಆರ್ಗಾನ್. ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟಿದೆ. ಗಾಳಿಯಿಂದ ಪಡೆದ ನೈಟ್ರೋಜನ್, ರಾಸಾಯನಿಕಗಳಿಂದ ಪಡೆದ ನೈಟ್ರೋಜನ್‌ಗಿಂತ ಇನ್ನೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು ತೂಗುವುದನ್ನು ರೇಲಿ ಗಮನಿಸಿದ್ದರು. ಆ ಅಲ್ಪ ವ್ಯತ್ಯಾಸವನ್ನು ಉಪೇಕ್ಷಿಸದೆ ಅವರೂ ರಾಮ್ಸೆಯೂ 1894ರಲ್ಲಿ ಈ ಅನಿಲವನ್ನು ಕಂಡುಹಿಡಿದರು. ಯಾವುದರೊಡನೆಯೂ ಕೂಡದ ಇದಕ್ಕೆ ‘ಸೋಮಾರಿ’ ಎಂಬರ್ಥದ ಗ್ರೀಕ್ ಹೆಸರು ಬಂತು.

ಸೊನ್ನೆಗಿಂತ 186 ಡಿಗ್ರಿ ಕೆಳಗೆ ತಣಿಸಿದಾಗ ಇದು ದ್ರವವಾಗುತ್ತದೆ. ಕಪ್ಪು ದ್ರವ್ಯದ ಕಣವೊಂದು ಆರ್ಗಾನ್ ಪರಮಾಣುವಿನ ಬೀಜಕ್ಕೆ ತಾಗಿದರೆ ಕ್ಷೀಣವಾದ ಅತಿನೇರಳೆ ಬೆಳಕು ಮಿನುಗಬೇಕು. ಸಾಮಾನ್ಯ ವಿಕಿರಣವೂ ಬೆಳಕನ್ನು ಹುಟ್ಟಿಸುತ್ತದೆ, ನಿಜ. ಆದರೆ ಬೀಜಕ್ಕೆ ತಾಗಿದಾಗಿನ ಬೆಳಕು ಬಹುಪಾಲು ಕ್ಷಣಾರ್ಧದಲ್ಲಿ ಆರುತ್ತದೆ. ಎಲೆಕ್ಟ್ರಾನಿಗೆ ತಾಗಿದಾಗಿನದು ಅದಕ್ಕಿಂತ ನೂರಾರು ಪಟ್ಟು ಕಾಲ ಉಳಿಯುತ್ತದೆ. ಪ್ರಕ್ಷಿಪ್ತ ಪದ್ಯವನ್ನು ನಾವು ನಡೆಯಿಂದ ಗುರುತಿಸುವಂತೆ ಅವರು ಬೆಳಕಿನ ನಡೆಯಿಂದ ಕಣವನ್ನು ಗುರುತಿಸುತ್ತಾರೆ.

ವಿಶ್ವಕಿರಣಗಳ ಕಾಟ ತಪ್ಪಿಸಲು ಈ ಉಪಕರಣಗಳನ್ನು ನೆಲದಾಳದಲ್ಲಿಡುತ್ತಾರೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ನ್ಯೂಟ್ರಿನೋಗಳ ಸುಳಿವು ಹಿಡಿದುದೂ ಇದೇ ಉಪಾಯದಿಂದ. ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿ, 1400 ಮೀಟರು ಬಂಡೆಯ ಕೆಳಗೆ, ‘ಡಾರ್ಕ್‌ಸೈಡ್-50’ ಎಂಬ ಪ್ರಯೋಗ ನಡೆಯಿತು. ಗಾಳಿಯ ಆರ್ಗಾನಿನಲ್ಲಿ ವಿಕಿರಣಶೀಲವಾದ ಆರ್ಗಾನ್-39 ಬೆರೆತಿರುವುದರಿಂದ, ಅಮೆರಿಕದ ಕೊಲೊರಾಡೋದ ಭೂಗರ್ಭದಿಂದ ಶುದ್ಧತರವಾದ ಆರ್ಗಾನನ್ನು ತಂದು ತುಂಬಿದರು. 532 ದಿನಗಳ ದತ್ತಾಂಶ ಕೂಡಿತು. ಕಣ ಸಿಗಬಹುದಾದ ಭಾಗವನ್ನು ಮುಚ್ಚಿಟ್ಟು, ಯಾವುದನ್ನು ಕಣವೆನ್ನಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಆಮೇಲೆ ತೆರೆದು ನೋಡಿದರು. ಅಲ್ಲಿ ಏನೂ ಇರಲಿಲ್ಲ. 2018ರಲ್ಲಿ ಹಾಗೆಂದೇ ಪ್ರಕಟಿಸಿದರು.

ಇದನ್ನು ಓದಿದಾಗ ನನ್ನದೊಂದು ತಪ್ಪು ನೆನಪಾಯಿತು. ತರುಣನಾಗಿದ್ದಾಗ ಹಸ್ತಪ್ರತಿಯೊಂದನ್ನು ಸಂಪಾದಿಸುತ್ತ, ಹುಳು ತಿಂದ ಕಡೆಯಲ್ಲಿ ನನಗೆ ಪ್ರಿಯವಾದ ಪದವೊಂದನ್ನು ತುಂಬಿದ್ದೆ. ಛಂದಸ್ಸು ಹೊಂದಿತ್ತು, ಅರ್ಥವೂ ಹೊಂದಿತ್ತು. ಕಂಸದ ಗುರುತನ್ನೂ ಹಾಕಲಿಲ್ಲ. ಹಲವು ವರ್ಷಗಳ ಮೇಲೆ ಇನ್ನೊಂದು ಪ್ರತಿ ದೊರೆತಾಗ ಅಲ್ಲಿದ್ದುದು ಬೇರೆಯೇ ಪದ. ಅಷ್ಟರಲ್ಲಿ ನನ್ನ ಪಾಠವನ್ನು ಎಷ್ಟೋ ವಿದ್ಯಾರ್ಥಿಗಳು ಕವಿಯದೆಂದೇ ಬಾಯಿಪಾಠ ಮಾಡಿದ್ದರು.

ಆ ವಿಜ್ಞಾನಿಗಳ ಆಸೆ ನನ್ನದಕ್ಕಿಂತ ಕಡಿಮೆಯದೇನಲ್ಲ. ಆದರೆ ತಮ್ಮ ಆಸೆಗೆ ಅವರು ಮೊದಲೇ ಬೇಲಿ ಹಾಕಿಕೊಂಡಿದ್ದರು. ಈಗ ಅದೇ ಬೆಟ್ಟದಡಿ ‘ಡಾರ್ಕ್‌ಸೈಡ್-20ಕೆ’ ಎಂಬ, ಟನ್ನುಗಟ್ಟಲೆ ಆರ್ಗಾನ್ ಹಿಡಿಸುವ ದೊಡ್ಡ ಉಪಕರಣ ಸಿದ್ಧವಾಗುತ್ತಿದೆ. ಕಣ ಅಲ್ಲಿಯೂ ಸಿಗದೆ ಹೋಗಬಹುದು. ಹಾಗಾದರೆ ಆ ಸ್ಥಳವನ್ನು ಅವರು ತ್ರುಟಿತವೆಂದೇ ಬರೆದಿಡುತ್ತಾರೆ. ನಾನು ಅಂದು ಮಾಡಬೇಕಾಗಿದ್ದುದೂ ಅಷ್ಟೇ.