ಕಂಡದ್ದು ನಿಲ್ಲುವಷ್ಟು ಹೊತ್ತು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತೆನ್ನಿ. ಬಸ್ಸು ಊರ ಅಂಚು ದಾಟುವವರೆಗೆ ಅಂಗಡಿಗಳ ಹೆಸರಿನ ಹಲಗೆಗಳು ಒಂದರ ಹಿಂದೊಂದು ಓಡಿಹೋಗುತ್ತವೆ. ಅವನ್ನು ಓದಬೇಕೆಂದು ನಾವೇನೂ ಸಂಕಲ್ಪ ಮಾಡಿ ಕುಳಿತಿರುವುದಿಲ್ಲ. ಆದರೂ ಗೊಬ್ಬರ, ಬೀಜ, ಸೈಕಲ್ ರಿಪೇರಿ ಎಂದು ಕಣ್ಣು ಬಿದ್ದದ್ದೇ ತಡ, ಪದ ಮನಸ್ಸಿನೊಳಗೆ ಬಂದು ಕೂತಿರುತ್ತದೆ. ಬೇಡವೆಂದರೂ ಬಿಡದು. ಅದೇ ಬಸ್ಸಿನಲ್ಲಿ ನಮ್ಮ ಲಿಪಿಯನ್ನು ಅರಿಯದ ಪರಪ್ರಾಂತದವನೊಬ್ಬ ಕುಳಿತಿದ್ದರೆ ಅವನಿಗೆ ಕಾಣುವುದು ಬಣ್ಣ ಮತ್ತು ಗೆರೆ, ಅಷ್ಟೆ. ಅವನ ಕಣ್ಣಿಗೆ ಕೊರತೆಯಿಲ್ಲ. ಬೆಳಕು ಒಂದೇ, ಹಲಗೆ ಎದುರಿಗಿದ್ದ ಹೊತ್ತೂ ಒಂದೇ. ಹಾಗಾದರೆ ಅವನ ನೋಟಕ್ಕೂ ನಮ್ಮ ನೋಟಕ್ಕೂ ವ್ಯತ್ಯಾಸ ಹುಟ್ಟಿದ್ದು ಎಲ್ಲಿ?

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಯೇ ತಲೆ ನೆರೆತ ನನಗೆ ಈ ಪ್ರಶ್ನೆ ಬಹಳ ಹಿಂದೆಯೇ ಏಳಬೇಕಾಗಿತ್ತು. ಎದ್ದದ್ದು ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ ಮೇಲೆ. ಆ ಸಂಗತಿಗೆ ಬರುವ ಮುನ್ನ ನೋಟದ ವಿಚಾರವಾಗಿ ಎರಡು ಮಾತು ಹೇಳಬೇಕು.

ದೀಪಾವಳಿಯ ರಾತ್ರಿ ಮಕ್ಕಳು ಉರಿಯುವ ಸುರುಸುರುಬತ್ತಿಯನ್ನು ಗಾಳಿಯಲ್ಲಿ ಗರಗರ ತಿರುಗಿಸುತ್ತಾರಷ್ಟೆ. ಕತ್ತಲಲ್ಲಿ ಬೆಂಕಿಯ ಬಳೆಯೊಂದು ಕಾಣುತ್ತದೆ. ಬಳೆ ಎಲ್ಲಿಯೂ ಇಲ್ಲ. ಇರುವುದು ಒಂದೇ ಒಂದು ಕಿಡಿ. ಕಿಡಿ ಸುತ್ತು ಮುಗಿಸಿ ಬರುವವರೆಗೆ ಅದು ಮೊದಲು ಇದ್ದ ತಾಣದ ಬೆಳಕು ನಮ್ಮಲ್ಲಿ ಆರದೆ ಉಳಿದಿರುವುದರಿಂದ ಬಳೆ ಕಂಡಿತು. ನಮ್ಮ ಹಿಂದಿನವರು ಇದನ್ನು ಅಲಾತಚಕ್ರವೆಂದು ಕರೆದರು. ಅಲಾತವೆಂದರೆ ಕೊಳ್ಳಿ. ನ್ಯಾಯಸೂತ್ರಗಳಲ್ಲಿ ಈ ದೃಷ್ಟಾಂತ ಬಂದಿದೆ; ಗೌಡಪಾದರ ಮಾಂಡೂಕ್ಯ ಕಾರಿಕೆಯ ಕೊನೆಯ ಪ್ರಕರಣದ ಹೆಸರೇ ಅಲಾತಶಾಂತಿ. ಅವರ ಲಕ್ಷ್ಯ ಬೇರೆ ಇತ್ತು, ನಿಜ. ಆದರೆ ಕೊಳ್ಳಿಯನ್ನು ಅವರು ಚೆನ್ನಾಗಿಯೇ ನೋಡಿದ್ದರು. 18ನೆಯ ಶತಮಾನದಲ್ಲಿ ಯುರೋಪಿನ ಸೆಗ್ನರ್ ಎಂಬ ವಿದ್ವಾಂಸ ತಿರುಗುವ ಚಕ್ರಕ್ಕೆ ಕೆಂಡವನ್ನು ಕಟ್ಟಿ, ಎಷ್ಟು ವೇಗದಲ್ಲಿ ತಿರುಗಿಸಿದರೆ ಬಳೆ ಪೂರ್ಣವಾಗುತ್ತದೆಂದು ಅಳೆದ. ಬೆಳಕು ಉಳಿಯುವ ಹೊತ್ತು ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಎಂದು ಕಂಡುಬಂತು.

ಬೆಳಕೇನೋ ಉಳಿಯಿತು. ಅಕ್ಷರ ಉಳಿಯುತ್ತದೆಯೆ? 1960ರಲ್ಲಿ ಅಮೆರಿಕದ ಜಾರ್ಜ್ ಸ್ಪರ್ಲಿಂಗ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು ಹನ್ನೆರಡು ಅಕ್ಷರ. ಅವನ್ನು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಮಾತ್ರ ತೋರಿಸಿ ಮರೆಮಾಡಿ, ಏನೇನು ಕಂಡಿತು ಎಂದು ಕೇಳಿದರೆ ಜನ ನಾಲ್ಕೋ ಐದೋ ಹೇಳಿ ನಿಲ್ಲುತ್ತಿದ್ದರು. ಆದರೆ ಎಲ್ಲರ ದೂರೂ ಒಂದೇ: ‘ಎಲ್ಲವೂ ಕಂಡಿತ್ತು, ಹೇಳುವಷ್ಟರಲ್ಲಿ ಮಾಸಿಹೋಯಿತು.’ ಸ್ಪರ್ಲಿಂಗ್ ಈ ದೂರನ್ನು ತಳ್ಳಿಹಾಕಲಿಲ್ಲ. ದೊಡ್ಡ ವಿಜ್ಞಾನಿಯ ಲಕ್ಷಣವೆಂದರೆ ಇದೇ ಎಂದು ನನ್ನ ಭಾವನೆ. ನಮ್ಮಂಥ ಮೇಷ್ಟರಾಗಿದ್ದರೆ ‘ಸುಳ್ಳು ಹೇಳಬೇಡ’ ಎಂದು ಗದರುತ್ತಿದ್ದೆವು. ಆತ ಅಕ್ಷರಗಳನ್ನು ಮರೆಮಾಡಿದ ಮೇಲೆ ಒಂದು ನಾದ ಕೇಳಿಸಿದ. ಏರುದನಿಯಾದರೆ ಮೇಲಿನ ಸಾಲನ್ನು ಮಾತ್ರ ಹೇಳಬೇಕು, ನಡುದನಿಗೆ ನಡುವಿನದು, ಇಳಿದನಿಗೆ ಕೆಳಗಿನದು. ಯಾವ ಸಾಲನ್ನು ಕೇಳಿದರೂ ನಾಲ್ಕರಲ್ಲಿ ಮೂರರಷ್ಟು ಅಕ್ಷರ ಬಂದವು! ಯಾವ ಸಾಲನ್ನು ಕೇಳುತ್ತಾರೆಂದು ಮೊದಲೇ ತಿಳಿದಿರಲಿಲ್ಲವಾದ್ದರಿಂದ, ಹನ್ನೆರಡರಲ್ಲಿ ಒಂಬತ್ತಾದರೂ ಆ ಕ್ಷಣದಲ್ಲಿ ಒಳಗೆ ಇದ್ದಿರಬೇಕು. ನಾದವನ್ನು ಒಂದು ಸೆಕೆಂಡು ತಡೆದು ಕೇಳಿಸಿದರೆ ಆ ಲಾಭವೆಲ್ಲ ಮಾಯ.

ಕಿವಿಗೂ ಇಂಥದೇ ಒಂದು ಉಗ್ರಾಣವಿದೆ. ಅದು ಕಣ್ಣಿನದಕ್ಕಿಂತ ತುಸು ಹೆಚ್ಚು ಹೊತ್ತು ಕಾಯುತ್ತದೆ. ಏನೋ ಓದುತ್ತ ಕುಳಿತಿರುವಾಗ ಗೋಡೆಯ ಗಡಿಯಾರ ಹೊಡೆಯತೊಡಗುತ್ತದೆ. ಮೂರನೆಯದೋ ನಾಲ್ಕನೆಯದೋ ಹೊಡೆತಕ್ಕೆ ಎಚ್ಚರವಾಗಿ, ಆಗಲೇ ಹೊಡೆದುಹೋದವನ್ನು ಹಿಂದಿರುಗಿ ಎಣಿಸುತ್ತೇವಲ್ಲವೆ? ಅಷ್ಟಾವಧಾನಗಳಲ್ಲಿ ಪದ್ಯರಚನೆಯ ನಡುನಡುವೆ ಬಾರಿಸಿದ ಗಂಟೆಯ ಲೆಕ್ಕವನ್ನು ಅವಧಾನಿಗಳು ಒಪ್ಪಿಸುವುದನ್ನು ನೀವು ನೋಡಿರಬಹುದು. ಅದು ದೊಡ್ಡ ಸಾಧನೆ. ಆದರೆ ಅದರ ಬೀಜ ನಮ್ಮ ನಿಮ್ಮ ಕಿವಿಯಲ್ಲಿಯೂ ಇದೆ.

ಇನ್ನು ಗುರುತಿಸುವಿಕೆ. ತರ್ಕಶಾಸ್ತ್ರ ಓದುವಾಗ ನಮಗೆ ಪ್ರತ್ಯಕ್ಷ ಎರಡು ಬಗೆ ಎಂದು ಹೇಳಿಕೊಟ್ಟಿದ್ದರು. ‘ಏನೋ ಒಂದು’ ಎಂದಷ್ಟೇ ತೋರುವುದು ನಿರ್ವಿಕಲ್ಪಕ. ‘ಇದು ಇಂಥದು’ ಎಂದು ಹೆಸರು ಜಾತಿಗಳೊಡನೆ ತೋರುವುದು ಸವಿಕಲ್ಪಕ. ಮೊದಲು ಕಂಡದ್ದನ್ನು ಮತ್ತೆ ಕಂಡು ‘ಇದು ಅದೇ’ ಎನ್ನುವುದು ಪ್ರತ್ಯಭಿಜ್ಞೆ. ಅದಕ್ಕೆ ಎದುರಿನ ವಸ್ತುವಿನ ಜೊತೆಗೆ ಒಳಗೆ ಉಳಿದ ಸಂಸ್ಕಾರವೂ ಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಮಾತುಗಳು ಬಹಳ ವರ್ಷ ನನ್ನಲ್ಲಿ ಬರಿಯ ಮಾತುಗಳಾಗಿಯೇ ಇದ್ದುವು. ಸ್ಪರ್ಲಿಂಗನ ಅಕ್ಷರಗಳೊಡನೆ ಇಟ್ಟು ನೋಡಿದರೆ ವಿಷಯ ಹೀಗೆ: ಕಂಡ ಚಿತ್ರ ಅರೆಗಳಿಗೆಯಲ್ಲ, ಒಂದು ಸೆಕೆಂಡಿನೊಳಗೆ ಮಾಸುತ್ತದೆ. ಅಷ್ಟರಲ್ಲಿ ಒಳಗಿನ ಸಂಸ್ಕಾರ ಬಂದು ‘ಇದು ಕ, ಇದು ಮ’ ಎಂದು ಯಾವುದನ್ನು ಗುರುತಿಸಿತೋ ಅದು ದಕ್ಕಿತು, ಉಳಿದದ್ದು ಹೋಯಿತು. ದಕ್ಕಿದ್ದನ್ನು ಇಟ್ಟುಕೊಳ್ಳುವ ಚೀಲವೂ ಸಣ್ಣದು. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬವರು ಅದರಲ್ಲಿ ಏಳರ ಆಸುಪಾಸು ಹಿಡಿಯುತ್ತವೆಂದರು; ಈಚಿನವರು ನಾಲ್ಕೇ ಎನ್ನುತ್ತಾರೆ. ಆದರೆ ಚೀಲ ಎಣಿಸುವುದು ಗಂಟುಗಳನ್ನು. ಬಿಡಿ ಅಕ್ಷರ ನಾಲ್ಕಾದರೆ ನಾಲ್ಕು ಗಂಟು. ಅವೇ ಸೇರಿ ಪರಿಚಿತವಾದ ಪದವಾದರೆ ಒಂದೇ ಗಂಟು. ಛಂದಸ್ಸು ಬಲ್ಲವರು ಮಾತ್ರೆಗಳನ್ನು ಗಣಗಳಾಗಿ ಕಟ್ಟುವುದನ್ನು ನೆನೆದುಕೊಳ್ಳಬಹುದು.

ಈಗ ಆ ಹುಡುಗನ ಮಾತು. ಸಿರುಗುಪ್ಪ ತಾಲ್ಲೂಕಿನವನು. ತಾಯಿಯ ತವರು ಆದವಾನಿಯ ಕಡೆ. 1953ರ ಅಕ್ಟೋಬರ್ 1ರಂದು ನಮ್ಮ ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವು. ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಬಂದುವು. ಗೆರೆ ಎಳೆದರೂ ಬೀಗತನ ನಿಲ್ಲಲಿಲ್ಲ. ಹುಡುಗ ಅಜ್ಜಿಯ ಮನೆಯಲ್ಲಿದ್ದು ಮೊದಲ ತರಗತಿಗಳನ್ನು ತೆಲುಗಿನಲ್ಲಿ ಓದಿ, ಆಮೇಲೆ ಕನ್ನಡಕ್ಕೆ ಬಂದವನು. ಎಂಟನೆಯ ತರಗತಿಗೆ ಬಳ್ಳಾರಿಯಲ್ಲಿ ನನ್ನ ಕೈಗೆ ಸಿಕ್ಕಿದ.

ಹಲಗೆಯ ಮೇಲೆ ಬರೆದದ್ದನ್ನು ಎತ್ತಿಕೊಳ್ಳಿರಿ ಎಂದರೆ ಇವನದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು. ಬರೆದಷ್ಟರಲ್ಲಿಯೂ ದೀರ್ಘಗಳೆಲ್ಲ ಕಾಣೆ. ಬೇಲಿ ಬೆಲಿಯಾಗುತ್ತಿತ್ತು, ಕೋಳಿ ಕೊಳಿ. ಅರ್ಕಾವೊತ್ತಂತೂ ಎಲ್ಲೆಂದರಲ್ಲಿ. ಗಮನವಿಲ್ಲದ ಹುಡುಗ ಎಂದು ತೀರ್ಮಾನಿಸಿದೆ. ನಿಲ್ಲಿಸಿದೆ, ಬಯ್ದೆ, ಎರಡು ಸಲ ಕೈ ಮಾಡಿದೆ. ಒಂದು ದಿನ ಹಿಂದಿನ ಬೆಂಚಿನ ಬಳಿ ನಿಂತು ಎಣಿಸಿದೆ: ಒಂದೇ ಸಾಲನ್ನು ಬರೆಯಲು ಅವನು ಹನ್ನೊಂದು ಸಲ ತಲೆ ಎತ್ತಿದ, ಪಕ್ಕದವನು ಮೂರು ಸಲ. ಎಣಿಸಿಯೂ ನನಗೆ ಬುದ್ಧಿ ಬರಲಿಲ್ಲ. ಕತ್ತು ಕುಣಿಸುತ್ತಾನೆ ಎಂದು ಅದಕ್ಕೂ ಬಯ್ದೆ. ವೇಮನನ ಪದ್ಯಗಳನ್ನು ಹತ್ತಿಪ್ಪತ್ತು ಬಾಯಲ್ಲಿ ಹೇಳಬಲ್ಲವನಿಗೆ ನೆನಪಿನ ಕೊರತೆ ಹೇಗಾದೀತೆಂದು ನಾನು ಕೇಳಿಕೊಳ್ಳಲಿಲ್ಲ.

ಆ ವರ್ಷ ಮಕ್ಕಳನ್ನು ಕುರುಗೋಡಿಗೆ ಕರೆದೊಯ್ದೆವು. ಕುರುಗೋಡು ಸಿಂದರು ಆಳಿದ ಊರು. ದೊಡ್ಡಬಸವೇಶ್ವರನ ಗುಡಿಯ ಏಕಶಿಲೆಯ ಬಸವನ ಎದುರು ಮಕ್ಕಳು ಬಾಯಿ ತೆರೆದು ನಿಂತರು. ಅಲ್ಲಿಂದ ಹಳೆಯ ಗುಡಿಯೊಂದರ ಬಳಿಯ ಶಾಸನದ ಕಲ್ಲಿಗೆ ಬಂದೆವು. ಇಳಿಹೊತ್ತಿನ ಬಿಸಿಲು ಓರೆಯಾಗಿ ಬಿದ್ದು ಕೊರೆದ ಗೆರೆಗಳು ಎದ್ದು ಕಾಣುತ್ತಿದ್ದುವು. ‘ಏನಿದೆ, ಓದಿರಿ ನೋಡೋಣ’ ಎಂದೆ. ಕೋಳಿ ಕೆದರಿದ ಹಾಗಿದೆ ಸಾರ್ ಎಂದನೊಬ್ಬ ಜಾಣ. ಎಲ್ಲರ ಹಿಂದಿನಿಂದ ಈ ಹುಡುಗ, ‘ಸಾರ್, ಅದು ಶ್ರೀ ಅಲ್ಲೇನ್ರೀ?’ ಎಂದ. ಹೌದು, ಶ್ರೀಯೇ. ಹೇಗೆ ಗೊತ್ತಾಯಿತೋ ಎಂದರೆ, ‘ದೀರ್ಘ ತಲಿ ಮ್ಯಾಲೈತಲ್ರೀ ಸಾರ್’ ಎಂದು ಬೆರಳು ತೋರಿಸಿದ.

ಅಲ್ಲಿಯೇ ಕಲ್ಲಿನ ಪಕ್ಕ ನಾನು ಕುಳಿತುಬಿಟ್ಟೆ. ಕನ್ನಡ ತೆಲುಗು ಲಿಪಿಗಳು ಒಂದೇ ಬೇರಿನವು. ಶತಮಾನಗಳ ಕಾಲ ಎರಡಕ್ಕೂ ಒಂದೇ ಲಿಪಿ ನಡೆದು ಆಮೇಲೆ ಕವಲೊಡೆಯಿತೆಂದು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೊ! ಹಳೆಯ ಶಾಸನಗಳಲ್ಲಿ ಈಕಾರದ ದೀರ್ಘ ಅಕ್ಷರದ ನೆತ್ತಿಯ ಸುಳಿಯಲ್ಲಿದೆ. ತೆಲುಗು ಇಂದಿಗೂ ದೀರ್ಘವನ್ನು ತಲೆಯ ಮೇಲೆಯೇ ಹೊತ್ತಿದೆ. ನಮ್ಮ ಈಗಿನ ಬರಹದಲ್ಲಿ ಕೀ, ಕೇ, ಕೋ ಎನ್ನುವಾಗ ದೀರ್ಘದ ಗುರುತು ಕೆಳಗಿಳಿದು ಅಕ್ಷರದ ಬಲಕ್ಕೆ ನಿಂತಿದೆ. ಈ ಹುಡುಗನ ಕಣ್ಣು ದೀರ್ಘವನ್ನು ನೆತ್ತಿಯಲ್ಲಿ ಹುಡುಕುತ್ತಿತ್ತು, ಅಲ್ಲಿ ಸಿಗದಿದ್ದರೆ ಹ್ರಸ್ವವೆಂದು ಮುಂದೆ ಹೋಗುತ್ತಿತ್ತು. ಸೂರ್ಯ ಎಂಬಲ್ಲಿ ನಾಲಗೆಗೆ ಮೊದಲು ಬರುವ ರಕಾರವನ್ನು ನಾವು ಯಕಾರದ ಆಚೆಗೆ ಬರೆಯುತ್ತೇವೆ. ಈಗಿನ ತೆಲುಗಿನವರು ರಕಾರವನ್ನೇ ಮೇಲಿಟ್ಟು ಯಕಾರವನ್ನು ಒತ್ತಾಗಿಸುತ್ತಾರೆ. ಲಿಪಿ ಪೂರ್ತಿ ಬೇರೆಯಾಗಿದ್ದರೆ ಅವನು ಹೊಸದಾಗಿ ಕಲಿಯುತ್ತಿದ್ದ. ಮುಕ್ಕಾಲು ಪಾಲು ಒಂದೇ ಆದದ್ದರಿಂದ ಪೆಟ್ಟು ಬಿತ್ತು: ‘ಇದು ಅದೇ’ ಎಂದು ಹಳೆಯ ಸಂಸ್ಕಾರ ಮುಂದಾಗಿ ನುಡಿಯುತ್ತಿತ್ತು. ತಪ್ಪಬಾರದೆಂದು ಅವನು ಒಂದೊಂದೇ ಅಕ್ಷರವನ್ನು ಹಿಡಿದು ತರುತ್ತಿದ್ದ. ತಲೆ ತಗ್ಗಿಸುವಷ್ಟರಲ್ಲಿ ಹಲಗೆಯ ಚಿತ್ರ ಅಳಿದಿರುತ್ತಿತ್ತು. ಮತ್ತೆ ತಲೆ ಎತ್ತುತ್ತಿದ್ದ. ಇಡೀ ತರಗತಿಯಲ್ಲಿ ಅತ್ಯಂತ ಗಮನವಿಟ್ಟು ನೋಡುತ್ತಿದ್ದವನು ಅವನೇ.

ಮರುದಿನದಿಂದ ರೀತಿ ಬದಲಿಸಿದೆ. ಪದವನ್ನು ಬರೆದು, ಗಟ್ಟಿಯಾಗಿ ಹೇಳಿಸಿ, ಹಲಗೆಗೆ ಬೆನ್ನು ಮಾಡಿ ನಿಲ್ಲಿಸಿ, ಆಮೇಲೆ ಬರೆಯಹೇಳುತ್ತಿದ್ದೆ. ಪದ ಕಿವಿಯಿಂದಲೂ ಬಂದದ್ದರಿಂದ ಒಂದೇ ಗಂಟಾಗಿ ನಿಂತಿತು. ದೀರ್ಘಗಳನ್ನು ಕೆಲವು ವಾರ ಕೆಂಪು ಸುಣ್ಣದ ಕಡ್ಡಿಯಲ್ಲಿ ಬರೆದೆ. ಹತ್ತನೆಯ ತರಗತಿಯ ಹೊತ್ತಿಗೆ ಅವನು ನಾಲ್ಕೈದು ಸಲ ಕತ್ತೆತ್ತಿ ಒಂದು ಸಾಲು ಬರೆಯುತ್ತಿದ್ದ. ಅರ್ಕಾವೊತ್ತು ಕೊನೆಯವರೆಗೂ ಕಾಡಿತು.

ಅವನನ್ನು ಕರೆದು, ‘ನಿನ್ನನ್ನು ಬಯ್ದದ್ದು ನನ್ನ ತಪ್ಪಪ್ಪಾ’ ಎಂದು ಹೇಳಿದ್ದೂ ಉಂಟು. ‘ಇರಲಿ ಬಿಡ್ರೀ ಸಾರ್’ ಎಂದು ನೆಲ ನೋಡುತ್ತ ನಿಂತ. ಆ ಹಳೆಯ ನೋಟುಬುಕ್ಕನ್ನು ಅವನಿಂದ ಕೇಳಿ ಇಟ್ಟುಕೊಂಡಿದ್ದೇನೆ. ಪ್ರತಿ ಜೂನ್ ತಿಂಗಳಲ್ಲಿ, ಎಂಟನೆಯ ತರಗತಿಯ ಹೊಸ ಮಕ್ಕಳು ಬಂದಾಗ, ನನ್ನ ಕೆಂಪು ಗೆರೆಗಳಿಂದ ತುಂಬಿದ ಅದರ ಮೊದಲ ಪುಟಗಳನ್ನು ಒಮ್ಮೆ ತೆರೆದು ನೋಡಿ, ಆಮೇಲೆ ಹಿಂದಿನ ಬೆಂಚಿಗೆ ಹೋಗಿ ನಿಂತು, ಯಾರು ಎಷ್ಟು ಸಲ ತಲೆ ಎತ್ತುತ್ತಾರೆಂದು ಎಣಿಸುತ್ತೇನೆ.