ದೀಪಕ್ಕೆ ಟೇಪು ಹಚ್ಚಬ್ಯಾಡ್ರಿ



ಬೆಳೆಗೆ ಸಿಗೋ ಬೆಲೆಯ ಮಾತು ಆಡ್ತೀವಿ. ಸಾಗಾಟದಾಗ ಸೋರಿಹೋಗೋ ರೊಕ್ಕದ ಮಾತು ಆಡೋದಿಲ್ಲ. ಬಸವಕಲ್ಯಾಣ ಲಾರಿಗಳಿಗೆ ಹೆಸರಾದ ಊರು. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದಿನ ಮೇಲೇ ಹಾದದ. ಸಾಲ ಮಾಡಿ ಗಾಡಿ ಕೊಂಡ ರೈತರೂ ನಮ್ಮಲ್ಲಿದ್ದಾರೆ.

ಇತ್ತೀಚಿನ ಕೆಲವು ಗಾಡಿಗಳಲ್ಲಿ ಟೈರಿನ ಗಾಳಿ ಇಳಿದರೆ ಡ್ರೈವರನ ಮುಂದೆ ಹಳದಿ ದೀಪ ಹೊತ್ತುತ್ತದೆ. ಚಕ್ರದೊಳಗಿನ ಸೆನ್ಸಾರ್ ಆ ಸುದ್ದಿ ಕಳಿಸ್ತದ. ದೀಪ ಒಂದೇ ಸಮ ಉರಿದರೆ ಗಾಳಿ ಕಡಿಮೆ. ಗಾಡಿ ಚಾಲೂ ಮಾಡಿದಾಗ ಒಂದು ನಿಮಿಷ ಮಿಣುಕಿ, ಆಮೇಲೆ ಉರಿಯುತ್ತಾ ನಿಂತರೆ ಬಹಳ ಗಾಡಿಗಳಲ್ಲಿ ಸೆನ್ಸಾರಿನದೇ ದೋಷ. ಅದರ ಬ್ಯಾಟರಿ 5ರಿಂದ 10 ವರ್ಷ ಬಾಳ್ತದ. ಒಳಗೇ ಸೀಲ್ ಆಗಿರೋದರಿಂದ ಸಾಮಾನ್ಯವಾಗಿ ಸೆನ್ಸಾರನ್ನೇ ಬದಲಿಸಬೇಕು. ಹೊಸ ಟೈರು ಹಾಕಿಸುವಾಗಲೇ ಬದಲಿಸಿದರೆ ಬಿಚ್ಚೋ ಕೂಲಿ ಉಳೀತದ.

ಅಲ್ಲೀತನಕ ದೀಪಕ್ಕೆ ಟೇಪು ಹಚ್ಚಿ ಸುಮ್ಮನಾಗಬ್ಯಾಡ್ರಿ. ಟೈರಿಗೆ ಒದ್ದು, ರಾಡಿನಿಂದ ಬಡಿದು ನೋಡಿದರೆ ಲೆಕ್ಕ ಸಿಗೋದಿಲ್ಲ. ಒಂದು ಗಾಳಿ ಗೇಜು ಇಟ್ಕೊಳ್ರಿ. ಮುಂಜಾನೆ, ಟೈರು ತಣ್ಣಗಿದ್ದಾಗ, ಜೋಡಿಯ ಒಳಗಿನ ಟೈರನ್ನೂ ಬಿಡದೆ ನೋಡ್ರಿ. ಕಂಪನಿಯವರು ಹೇಳಿದಷ್ಟೇ ಗಾಳಿ ಹಾಕಿಸ್ರಿ. ಓಡಿ ಕಾದ ಟೈರು ಹೆಚ್ಚು ತೋರಿಸ್ತದ. ಅದನ್ನು ನೋಡಿ ಗಾಳಿ ಬಿಡಬ್ಯಾಡ್ರಿ.

ಜೋಡಿಯಲ್ಲಿ ಒಂದು ಇಳಿದರೆ ಭಾರವೆಲ್ಲ ಇನ್ನೊಂದರ ಮ್ಯಾಲೆ. ಗಾಳಿ ಕಡಿಮೆಯಾದರೆ ಡೀಸೆಲ್ ಹೆಚ್ಚು ಕುಡೀತದ, ಟೈರು ಕಾಯ್ತದ. ಕಬ್ಬು ತುಂಬಿದ ಗಾಡಿಯ ಟೈರು ಒಡೆದರೆ ಡ್ರೈವರನ ಜೀವಕ್ಕೇ ಕುತ್ತು. ಹೊಸ ಟೈರಿಗೆ ಮತ್ತೆ ಕೈಸಾಲ ಮಾಡಿದರೆ ತೊಗರಿಯಲ್ಲಿ ಉಳಿದದ್ದೂ ಬಡ್ಡಿಗೆ ಹೋಗ್ತದ. ಕಂತು ಕಟ್ಟೋರು ನಾವೇ. ಗಾಳಿ ನೋಡೋ ಕೆಲಸವೂ ನಮ್ಮದೇ.